ಬಾಯಾರಿದ ಲೈಸೆನ್ಸು

ಆ ರಾಜ್ಯದಲ್ಲಿ ಕ್ಷೌರ ಮಾಡಲು ಲೈಸೆನ್ಸ್ ಬೇಕು. ಉಗುರಿಗೆ ಬಣ್ಣ ಹಚ್ಚಲು ಬೇಕು. ಹೆಣಕ್ಕೆ ಕೋಟು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಲು ಬೇಕು. ಹೀಗಿರುವಾಗ, ಇನ್ನೂ ಹೆಣವಾಗದವರನ್ನು ಸಾಲಾಗಿ ಮಲಗಿಸಿಟ್ಟುಕೊಳ್ಳುವ ವೃದ್ಧಾಶ್ರಮ ನಡೆಸಲು ಬೇಡವೇ? ಅದಕ್ಕೂ ಬೇಕು. ಆ ಲೈಸೆನ್ಸಿಗೆ ಕಟ್ಟು ಹಾಕಿಸಿ ಮುಂಬಾಗಿಲ ಪಕ್ಕದ ಗೋಡೆಗೆ ನೇತುಹಾಕಬೇಕು. ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣಬೇಕು ಅಂತ ಕಾನೂನು. ಉಚ್ಚೆಯ ವಾಸನೆ ಅದಕ್ಕಿಂತ ಮೊದಲು ಬಂದು ಮೂಗಿಗೆ ಬಡಿದರೆ ಕಾನೂನು ತಾನೇ ಏನು ಮಾಡೀತು.

ಹ್ಯಾರೋ ಬೆಂಡ್ ಊರಿನ ಪೀಕನ್ ಶೇಡ್ ವೃದ್ಧಾಶ್ರಮದ ಗೋಡೆಯ ಮೇಲೆ ಆ ಬೇಸಿಗೆಯಲ್ಲಿ ತೂಗುತ್ತಿದ್ದ ಹೆಸರು ವೆಂಡೆಲ್ ಪಿಕಾರ್ಡ್. ಆಡಳಿತಾಧಿಕಾರಿ. ಚಿನ್ನದ ಬಣ್ಣದ ಮೊಹರು, ಕೆಳಗೆ ಯಾರದೋ ಸೊಗಸಾದ ಸಹಿ. ಆಡಳಿತಾಧಿಕಾರಿಗಳು ಮಾತ್ರ ಆ ಗೋಡೆಯ ಆಚೆ, ಹಿಂದಿನ ಸಾಲಿನ ಕೋಣೆಯಲ್ಲಿ, ಡೈಪರ್ ಕಟ್ಟಿಸಿಕೊಂಡು ಮಲಗಿದ್ದರು.

ಇದು ಅಲ್ಲಿ ಯಾರಿಗೂ ಗುಟ್ಟಲ್ಲ. ಪಿಕಾರ್ಡ್ ಒಂದು ಕಾಲಕ್ಕೆ ಅಲ್ಲಿ ನಿಜವಾಗಿಯೂ ದರ್ಬಾರು ಮಾಡಿದ ಮನುಷ್ಯ. ಅವರ ಕಾಲದಲ್ಲಿ ಕಪ್ಪು ಆಯಾಗಳು ಅಡುಗೆಮನೆಯ ಬಾಗಿಲಿಂದಲೇ ಒಳಗೆ ಬರಬೇಕಿತ್ತು. ಮನೆಗೆ ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕಿತ್ತು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಅವರ ಬುದ್ಧಿ ಕಲಸಿಹೋಯಿತು. ಹೆಂಡತಿ ತಂದು ಅಲ್ಲೇ ಸೇರಿಸಿದಳು. ಗಂಡನ ಲೈಸೆನ್ಸ್ ಮೇಲೆ ಆ ಹೆಂಗಸಿಗೆ ಬಲು ಹೆಮ್ಮೆ, ತಪ್ಪದೆ ನವೀಕರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಹೆಮ್ಮೆಯನ್ನು ಆಶ್ರಮದ ಮಾಲೀಕ ಲಮಾರ್ ಕ್ರಚ್‌ಫೀಲ್ಡ್ ವಹಿಸಿಕೊಂಡ. ಲೈಸೆನ್ಸ್ ಇರುವ ಮನುಷ್ಯ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದವನು ಮಂಚದಲ್ಲಿದ್ದರೇನು, ಕುರ್ಚಿಯಲ್ಲಿದ್ದರೇನು.

ನವೀಕರಣಕ್ಕೆ ಕಂಪ್ಯೂಟರಿನಲ್ಲಿ ಪಾಠ ಓದಿ ಪರೀಕ್ಷೆ ಬರೆಯಬೇಕು. ಕಚೇರಿಯ ಗುಮಾಸ್ತೆ ಸೂಪು ಕುಡಿಯುತ್ತ ಒಂದು ಕೈಯಲ್ಲಿ ಅದನ್ನು ಒತ್ತಿ ಮುಗಿಸುತ್ತಿದ್ದಳು. ನೀತಿ ನಡತೆಯ ಪಾಠದಲ್ಲಿ ಪಿಕಾರ್ಡ್ ಸಾಹೇಬರಿಗೆ ಪೂರ್ತಿ ಅಂಕ ಬಂತು. ಅದೇ ಮಧ್ಯಾಹ್ನ ಅವರು ತಟ್ಟೆಯಲ್ಲಿದ್ದ ಬಟಾಣಿಯನ್ನು ಕಿವಿಗೆ ತುರುಕಿಕೊಂಡಿದ್ದರು. ಹೊರಗೆ ತೆಗೆದವಳು ವರ್ನೆಟ್ಟಾ ಗೇನ್ಸ್.

ವರ್ನೆಟ್ಟಾ ಅಲ್ಲಿಯ ಹಳೆಯ ಆಯಾ. ಸಾಧು ಹೆಂಗಸು ಅಂತ ಯಾರೂ ತಿಳಿಯಬೇಡಿ. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಚರ್ಚಿನಲ್ಲಿ ಹಾಡಲು ನಿಂತರೆ ಪಕ್ಕದವರ ದನಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಆಡಳಿತಾಧಿಕಾರಿಯ ಕುರ್ಚಿ ಬೇಕಿತ್ತು. ಮುದುಕರ ಸೇವೆಗೆ ಅಂತ ಅಲ್ಲ. ಆ ಕುರ್ಚಿ ಬೇಕಿತ್ತು, ತಣ್ಣಗಿನ ಆ ಕೋಣೆ ಬೇಕಿತ್ತು, ಹೆಸರು ಬರೆದಿಟ್ಟ ಕಾರು ನಿಲ್ಲಿಸುವ ಜಾಗ ಬೇಕಿತ್ತು. ಬೇಕು ಅಂತ ಬಾಯಿಬಿಟ್ಟು ಹೇಳುತ್ತಲೂ ಇದ್ದಳು. ಹಗಲೆಲ್ಲ ಎತ್ತುವುದು, ಹೊರಳಿಸುವುದು, ತೊಳೆಯುವುದು. ಸಂಜೆ ಕಾಲೇಜಿನ ಬೆಂಚು. ನಡು ಬಿದ್ದುಹೋಗಿತ್ತು. ನೋವಿಗೆ ಮುಲಾಮು ಹಚ್ಚಿಕೊಂಡೇ ಪದವಿ ಮುಗಿಸಿದಳು. ತರಗತಿಯ ತುಂಬ ಆ ಮುಲಾಮಿನ ಘಾಟು, ಹುಡುಗರು ಕಿಟಕಿ ತೆರೆಯುತ್ತಿದ್ದರು.

ಪದವಿಯೊಂದು ಸಾಲದು. ಲೈಸೆನ್ಸ್ ಇರುವ ಆಡಳಿತಾಧಿಕಾರಿಯೊಬ್ಬರ ಕೈಕೆಳಗೆ ಸಾವಿರ ಗಂಟೆ ತರಬೇತಿ ಆಗಬೇಕು. ಆಗಿದೆ ಅಂತ ಅವರು ಸಹಿ ಹಾಕಬೇಕು. ಆಮೇಲೆ ಪರೀಕ್ಷೆ. ಎಲ್ಲದರ ಮೇಲೆ, ಅರ್ಜಿ ಹಾಕಿದವರದು ಒಳ್ಳೆಯ ನಡತೆ ಅಂತ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡಿಗೆ ಅನ್ನಿಸಬೇಕು. ಮಾಲೀಕನಿಗೆ ಇದಾವುದೂ ಬೇಡ. ಕ್ರಚ್‌ಫೀಲ್ಡ್ ಹನ್ನೊಂದು ವೃದ್ಧಾಶ್ರಮಗಳ ಒಡೆಯ. ಅದಕ್ಕೆ ಓದು ಬೇಡ, ಪರೀಕ್ಷೆ ಬೇಡ, ನಡತೆಯಂತೂ ಬೇಡವೇ ಬೇಡ.

ವರ್ನೆಟ್ಟಾ ಮೂರು ಸಲ ತರಬೇತಿ ಶುರು ಮಾಡಿದಳು. ಮೊದಲನೆಯ ಸಾಹೇಬ ಅರ್ಧಕ್ಕೆ ಬೇರೆ ಊರಿಗೆ ಹೋದ. ಎರಡನೆಯವಳು ಸಹಿ ಹಾಕುತ್ತೇನೆ, ಹಾಕುತ್ತೇನೆ ಅನ್ನುತ್ತಲೇ ಮದುವೆಯಾಗಿ ಹೊರಟಳು. ಮೂರನೆಯವನ ಹೆಸರು ಟಾಡ್. ಆತ ಒಂದು ಮಧ್ಯಾಹ್ನ ಊಟದ ನಡುವೆ ಎದ್ದು ಕಾರು ಹತ್ತಿದವನು ತಿರುಗಿ ಬರಲಿಲ್ಲ. ಕಚ್ಚಿಟ್ಟ ಬ್ರೆಡ್ಡು ಮೇಜಿನ ಮೇಲೇ ಇತ್ತು. ಅವರೆಲ್ಲ ಇದ್ದಾಗ ಆಯಾಗಳ ಪಾಳಿ ಹೊಂದಿಸಿದ್ದು, ಸತ್ತವರ ಮನೆಗೆ ಫೋನ್ ಮಾಡಿದ್ದು, ಅಡುಗೆಯವನ ಜಗಳ ಬಿಡಿಸಿದ್ದು ಎಲ್ಲ ಅವಳೇ. ಬೋರ್ಡಿನ ಪ್ರಕಾರ ಅದು ಒಂದು ಗಂಟೆಯೂ ಆಗಲಿಲ್ಲ. ಗುರು ಬಿಟ್ಟುಹೋದರೆ ಶಿಷ್ಯೆ ಸೊನ್ನೆಯಿಂದ ಶುರು ಮಾಡಬೇಕಂತೆ.

ಟಾಡ್ ಹೋದ ಮೇಲೆ ಗೋಡೆಯ ಕಟ್ಟಿನೊಳಗೆ ಪಿಕಾರ್ಡ್ ಬಂದರು. ಹೀಗಿರುವಾಗ ಒಂದು ಮಧ್ಯಾಹ್ನ ಮೋಟೆಲ್ಲಿನಿಂದ ಫೋನ್ ಬಂತು.

ರಾಜ್ಯದ ತಪಾಸಣೆಯವರು ಹೇಳದೆ ಕೇಳದೆ ಬರಬೇಕು ಅಂತ ನಿಯಮ. ಅವರೂ ಪಾಪ ಹೇಳದೆಯೇ ಬರುತ್ತಾರೆ. ಆದರೆ ಹ್ಯಾರೋ ಬೆಂಡಿನಲ್ಲಿ ಇರುವುದು ಒಂದೇ ಮೋಟೆಲ್. ಸರ್ಕಾರಿ ಕಾರು ಅಲ್ಲಿ ನಿಂತ ಕೂಡಲೇ ಕೌಂಟರಿನ ಹೆಂಗಸು ಸುತ್ತಲಿನ ಆಶ್ರಮಗಳಿಗೆಲ್ಲ ಫೋನ್ ಹಚ್ಚುತ್ತಾಳೆ. ಅದಕ್ಕೆ ಅವಳಿಗೆ ಕ್ರಿಸ್‌ಮಸ್ಸಿಗೆ ಒಂದು ಇಡೀ ಹಂದಿತೊಡೆ ಬರುತ್ತದೆ. ಫೋನ್ ಬಂದರೆ ಬೀಗ ಹಾಕಿಟ್ಟ ಕಪಾಟಿನಿಂದ ಮೆತ್ತನೆಯ ಟವಲ್ಲುಗಳು ಹೊರಬೀಳುತ್ತವೆ. ರಜೆಯಲ್ಲಿದ್ದ ಆಯಾಗಳಿಗೆ ಕರೆ ಹೋಗುತ್ತದೆ. ವಾರಕ್ಕೊಮ್ಮೆ ಮೈ ತೊಳೆಸಿಕೊಳ್ಳುವವರಿಗೆ ದಿನಕ್ಕೆರಡು ಸಲ ತೊಳೆತ. ಮುದುಕರಿಗೆ ಗೊತ್ತು, ಟವಲ್ ಮೆತ್ತಗಿದ್ದರೆ ಸರ್ಕಾರ ಬಂತು ಅಂತಲೇ ಅರ್ಥ.

ಸಂಜೆಯ ಹೊತ್ತಿಗೆ ಕ್ರಚ್‌ಫೀಲ್ಡ್ ಸರೋವರದ ದಂಡೆಯ ತನ್ನ ಮನೆಯಿಂದ ಬಂದಿಳಿದ. ವರ್ನೆಟ್ಟಾಳನ್ನು ಕಚೇರಿಗೆ ಕರೆಸಿದ.

"ಕೂತ್ಕೊ ವರ್ನೆಟ್ಟಾ."

ಆ ಕೋಣೆಯಲ್ಲಿ ಅವಳಿಗೆ ಕೂತುಕೊ ಅಂತ ಯಾರೂ ಅಂದಿರಲಿಲ್ಲ. ಅವಳು ಚೆನ್ನಾಗಿ ಒರಗಿಯೇ ಕೂತಳು.

"ಪಿಕಾರ್ಡ್ ಅವ್ರ ಹೆಸರು ಬೋರ್ಡಿಗೆ ಕಳ್ಸಿದೀನಿ. ನೋಡಿರ್ತೀಯ."

"ಗೋಡೆ ಮೇಲೆ ನೋಡ್ದೆ ಸಾಹೇಬ್ರೇ. ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಳ್ತು."

"ನಗೋದು ಆಮೇಲೆ ಇರ್ಲಿ. ನಾಳೆ ಅವ್ರನ್ನ ಈ ಕುರ್ಚೀಲಿ ಕೂರಿಸ್ಬೇಕು. ಕೋಟು, ಟೈ, ಎಲ್ಲಾ. ನೀನು ಪಕ್ಕದಲ್ಲೇ ಕೂತ್ಕೊ. ಅವ್ರ ಹತ್ರ ಟ್ರೈನಿಂಗ್ ತಗೋತಾ ಇದೀನಿ ಅನ್ನು. ಸಾಹೇಬ್ರಿಗೆ ಗಂಟಲು ಕಟ್ಟಿದೆ, ಮಾತು ಬರಲ್ಲ ಅನ್ನು. ಕಾಲು ಗಂಟೆ ಅಷ್ಟೇ. ಕೈ ಕುಲುಕ್ತಾರೆ, ಹೋಗ್ತಾರೆ."

"ಇದ್ರಲ್ಲಿ ನನಗೇನು?"

ಕ್ರಚ್‌ಫೀಲ್ಡ್ ಇದಕ್ಕೇ ಕಾದಿದ್ದವನಂತೆ ಮುಂದಕ್ಕೆ ಬಾಗಿದ. "ಅವ್ರು ಲೈಸೆನ್ಸ್ ಇರೋ ಮನುಷ್ಯ, ಹೌದಲ್ವಾ? ನಿನ್ನ ಸಾವಿರ ಗಂಟೆಗೆ ಅವ್ರೇ ಸೈನ್ ಹಾಕ್ತಾರೆ. ಕೈ ನಡುಗಿದ್ರೆ ನಾನು ಹಿಡ್ಕೋತೀನಿ."

ವರ್ನೆಟ್ಟಾ ತಾನು ಕೂತ ಕುರ್ಚಿಯ ಕೈಯನ್ನು ಸವರಿದಳು.

"ಇನ್ನೊಂದು ವಿಷ್ಯ," ಅಂದ ಕ್ರಚ್‌ಫೀಲ್ಡ್. "ಬೆಳಿಗ್ಗೆ ಎದ್ದಾಗಿಂದ ಅವ್ರಿಗೆ ಏನೂ ಕುಡಿಸ್ಬೇಡ. ಕಾಫಿ ಬೇಡ, ನೀರೂ ಬೇಡ. ಡೈಪರ್ ಹಾಕಿದ್ರೆ ಪ್ಯಾಂಟು ಉಬ್ಬಿ ಕಾಣುತ್ತೆ, ಅದೂ ಬೇಡ. ಆ ಪ್ಯಾಂಟು ಒದ್ದೆ ಆಯ್ತೋ, ನಿನ್ನ ಕಥೆನೂ ಮುಗೀತು, ನನ್ನ ಕಥೆನೂ ಮುಗೀತು."

"ಈ ಸೆಖೆಗಾ?"

"ಒಂದು ಬೆಳಿಗ್ಗೆ ಕಣಮ್ಮ. ಯಾರೂ ಸಾಯಲ್ಲ."

ಅವಳು ಹೂಂ ಅಂದಳು. ಮುಚ್ಚಿಟ್ಟು ಏನು ಪ್ರಯೋಜನ, ಖುಷಿಯಿಂದಲೇ ಅಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ಹಾಡಿಕೊಂಡು ಹೋದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಗೋಡೆಗಳು ಬೆವರುತ್ತಿದ್ದವು. ಪಿಕಾರ್ಡ್ ಸಾಹೇಬರನ್ನು ಆಡಳಿತಾಧಿಕಾರಿಯನ್ನಾಗಿ ಮಾಡುವ ಕೆಲಸ ಶುರುವಾಯಿತು. ವರ್ನೆಟ್ಟಾಳ ಜತೆಗೆ ಜೋರೆಥಾ ಅನ್ನುವ ಇನ್ನೊಬ್ಬ ಆಯಾ. ಹೇತದ್ದು ಬಳಿದು ತೆಗೆದರು. ತೊಡೆಸಂದಿ ಒರೆಸಿ ಪೌಡರ್ ಹಾಕಿದರು. ಹಿಮ್ಮಡಿಯ ಹುಣ್ಣಿಗೆ ಬಟ್ಟೆ ಕಟ್ಟಿದರು. ವರ್ನೆಟ್ಟಾ ಕಂಕುಳಿಗೆ ಕೈ ಕೊಟ್ಟು ಎತ್ತಿದಳು, ಜೋರೆಥಾ ಪ್ಯಾಂಟು ಎಳೆದಳು. ಮುದುಕನ ಭಾರವೆಲ್ಲ ವರ್ನೆಟ್ಟಾಳ ಕೆಟ್ಟ ನಡುವಿನ ಮೇಲೆ.

"ಏ ಹುಡುಗಿ," ಅಂದರು ಪಿಕಾರ್ಡ್. ಅರವತ್ತರ ಹತ್ತಿರದ ಹೆಂಗಸು ಅವರಿಗೆ ಹುಡುಗಿ. "ನಿನ್ನ ಚೀಲ ತೋರ್ಸು."

"ತೋರಿಸ್ತೀನಿ ಸಾಹೇಬ್ರೇ, ಮೊದ್ಲು ಕಾಲು ತೂರ್ಸಿ."

"ಮದ್ವೆ ದಿಬ್ಬಣ ಹೊರಟಂಗಿದೆ," ಅಂದಳು ಜೋರೆಥಾ, ಟೈ ಬಿಗಿಯುತ್ತ. "ಹೆಣ್ಣು ಯಾರಕ್ಕಾ? ನೀನೇನಾ?"

"ಬಾಯ್ಮುಚ್ಕೊಂಡು ಗುಂಡಿ ಹಾಕು. ನಾಳೆಯಿಂದ ನೀನು ನನ್ನ ಮಿಸ್ ಗೇನ್ಸ್ ಅನ್ನಬೇಕಾಗುತ್ತೆ."

"ಅಯ್ಯೋ ನಮ್ಮವ್ವ. ರಜಾ ಕೇಳಕ್ಕೆ ನಿನ್ನ ಹತ್ರನೇ ಬರ್ಬೇಕಾ? ಈಗ್ಲೇ ಕೆಲ್ಸ ಬಿಟ್ಬಿಡ್ತೀನಿ ಬಿಡು."

"ನೀರು," ಅಂದರು ಪಿಕಾರ್ಡ್.

ಜೋರೆಥಾ ಲೋಟಕ್ಕೆ ಕೈ ಚಾಚಿದಳು. ವರ್ನೆಟ್ಟಾ ಅವಳ ಮಣಿಕಟ್ಟು ಹಿಡಿದು ತಡೆದಳು. "ಬೇಡ. ಇವತ್ತು ಕೊಡಂಗಿಲ್ಲ."

"ಯಾರಂದ್ರು?"

"ನಾನಂದೆ."

ಜೋರೆಥಾ ಅವಳ ಮುಖ ನೋಡಿದಳು. ನಗು ಅಲ್ಲಿಗೆ ನಿಂತಿತು.

ಗಡ್ಡ ಕೆರೆಯುವಾಗ ಪಿಕಾರ್ಡ್ ಮತ್ತೆ ನೀರು ಕೇಳಿದರು. ಆಮೇಲೆ ಕೊಡ್ತೀನಿ ಅಂದಳು. ತಲೆ ಬಾಚುವಾಗ ಕೇಳಿದರು. ಆಮೇಲೆ ಅಂದಳು. ಅವರ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿ, ಮಾತಿಗೊಮ್ಮೆ ಚಟ್ ಅಂತ ಬಿಡಿಸಿಕೊಳ್ಳುತ್ತಿತ್ತು. ಗಾಲಿಕುರ್ಚಿಯನ್ನು ಬಾಗಿಲು ದಾಟಿಸುವಾಗ ಅವರು ಅವಳ ತೋಳು ಹಿಡಿದುಕೊಂಡರು.

"ಅಮ್ಮಾ," ಅಂದರು. "ಸ್ವಲ್ಪ ನೀರು ಕೊಡಿ ಅಮ್ಮಾ. ದಯವಿಟ್ಟು."

ಆ ಊರಿನಲ್ಲಿ ಆ ವಯಸ್ಸಿನ ಬಿಳಿಯ ಗಂಡಸು ಕಪ್ಪು ಹೆಂಗಸನ್ನು ಹಾಗೆ ಕರೆಯುವುದಿಲ್ಲ. ಬುದ್ಧಿ ನೆಟ್ಟಗಿದ್ದಿದ್ದರೆ ಪಿಕಾರ್ಡ್ ನಾಲಿಗೆ ಕಚ್ಚಿಕೊಂಡು ಸಾಯುತ್ತಿದ್ದರೇ ಹೊರತು ಆ ಮಾತು ಆಡುತ್ತಿರಲಿಲ್ಲ. ವರ್ನೆಟ್ಟಾ ಒಮ್ಮೆ ತಿರುಗಿ ನೀರಿನ ಲೋಟ ನೋಡಿದಳು. ಆದರೂ ಗಾಲಿಕುರ್ಚಿ ತಳ್ಳಿದಳು. ಸಹಿ ಒಂದು ಆಗಲಿ, ಕಾಲು ಗಂಟೆ ತಾನೇ ಅಂದುಕೊಂಡಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯ ಪಟ್ಟುಕೊಂಡೇ ತಳ್ಳಿದಳು.

ಕಚೇರಿಯಲ್ಲಿ ದೊಡ್ಡ ಕುರ್ಚಿಗೆ ದಾಟಿಸಿದರೆ ಪಿಕಾರ್ಡ್ ಜಾರಿ ಜಾರಿ ಮೇಜಿನ ಕೆಳಗೆ ಇಳಿಯತೊಡಗಿದರು. ಕ್ರಚ್‌ಫೀಲ್ಡ್ ಯಾರದೋ ನಿಲುವಂಗಿಯ ದಾರ ತಂದು ಅವರ ಸೊಂಟವನ್ನು ಕುರ್ಚಿಯ ಬೆನ್ನಿಗೆ ಬಿಗಿದ. ಮೇಲೆ ಕೋಟಿನ ಗುಂಡಿ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಗವರ್ನರ್ ಥರ ಕಾಣ್ತಾರೆ," ಅಂದ.

ಅದೂ ಸುಳ್ಳಲ್ಲ.

ತಪಾಸಣೆಯ ಹೆಂಗಸಿನ ಹೆಸರು ಮಿಸೆಸ್ ಆಲ್‌ಡ್ರಿಚ್. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪ್ರಶ್ನೆಗಳ ಹಾಳೆ ಸಿಕ್ಕಿಸಿದ ಹಲಗೆ. ಸೆಖೆಗೆ ಮುಖ ಕೆಂಪಾಗಿತ್ತು. ಮೇಜಿನ ಮೇಲೆ ಅವಳಿಗಾಗಿ ಗಾಜಿನ ಜಗ್ಗು ಇಟ್ಟಿದ್ದರು, ಮಂಜುಗಡ್ಡೆ, ನಿಂಬೆಯ ಹೋಳು ತೇಲುವ ನೀರು. ಅವಳು ಲೋಟ ತುಂಬಿಸಿಕೊಂಡು ಗಟಗಟ ಕುಡಿದಳು. ಪಿಕಾರ್ಡ್ ಅವರ ಕಣ್ಣುಗಳು ಆ ಲೋಟದ ಜತೆ ಮೇಲೆ ಹೋದವು, ಕೆಳಗೆ ಬಂದವು.

"ಸಾಹೇಬ್ರಿಗೆ ಗಂಟಲು ಕಟ್ಟಿದೆ," ಅಂದಳು ವರ್ನೆಟ್ಟಾ. "ನಾನು ಅವ್ರ ಹತ್ರ ಟ್ರೈನಿಂಗ್‌ನಲ್ಲಿದೀನಿ."

"ಹೌದಾ. ಒಳ್ಳೇದು." ಆಲ್‌ಡ್ರಿಚ್ ಹಲಗೆ ನೋಡಿದಳು. "ಮಿಸ್ಟರ್ ಪಿಕಾರ್ಡ್, ನಿವಾಸಿಗಳ ದೂರುಗಳನ್ನ ನೀವು ಖುದ್ದು ಕೇಳ್ತೀರಾ?"

"ನೀರು," ಅಂದರು ಪಿಕಾರ್ಡ್.

"ನೀರಿನ ಬಗ್ಗೆ ದೂರು ಬಂದಿತ್ತು, ಸರಿಮಾಡ್ಸಿದ್ದಾರೆ," ಅಂದ ಕ್ರಚ್‌ಫೀಲ್ಡ್, ಬಾಗಿಲಿಗೆ ಒರಗಿ ನಿಂತವನು.

ಆಲ್‌ಡ್ರಿಚ್ ಬರೆದುಕೊಂಡಳು. ನಿಜವಾಗಿಯೂ ಬರೆದುಕೊಂಡಳು. ವರ್ನೆಟ್ಟಾ ಬಗ್ಗಿ ನೋಡಿದಳು, ಅದನ್ನೇ ಬರೆದಿದ್ದಳು.

"ಬೆಂಕಿ ಹತ್ತಿದ್ರೆ ಜನರನ್ನ ಯಾವ ಕಡೆಯಿಂದ ಹೊರಗೆ ಕರ್ಕೊಂಡು ಹೋಗ್ತೀರಿ?"

ಪಿಕಾರ್ಡ್ ನಡುಗುವ ಕೈ ಎತ್ತಿ ಜಗ್ಗಿನ ಕಡೆ ತೋರಿಸಿದರು. ಜಗ್ಗಿನ ಹಿಂದೆ ಕಿಟಕಿ ಇತ್ತು, ಕಿಟಕಿಯ ಆಚೆ ಪೂರ್ವದ ಬಾಗಿಲು.

"ಪೂರ್ವದ ಬಾಗಿಲು," ಅಂತ ಆಲ್‌ಡ್ರಿಚ್ ಗುರುತು ಹಾಕಿದಳು. "ಸರಿ. ಲೈಸೆನ್ಸ್ ಗೋಡೆ ಮೇಲೆ ನೋಡ್ದೆ, ಚಾಲ್ತಿಯಲ್ಲಿದೆ. ಇನ್ನೆರಡು ಪ್ರಶ್ನೆ, ಆಮೇಲೆ ನಿಮ್ಮನ್ನ ಬಿಟ್ಬಿಡ್ತೀನಿ."

ಕ್ರಚ್‌ಫೀಲ್ಡ್ ವರ್ನೆಟ್ಟಾಳತ್ತ ನೋಡಿ ಕಣ್ಣು ಮಿಟುಕಿಸಿದ. ಕೆಲಸ ಆಗಿಹೋಗಿತ್ತು. ಸಹಿ, ಕುರ್ಚಿ, ಕಾರಿನ ಜಾಗ, ಎಲ್ಲ ಅವಳ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಪಿಕಾರ್ಡ್ ಬಾಯಿ ತೆರೆದರು. ಈ ಸಲ ದನಿಯೇ ಬರಲಿಲ್ಲ. ತುಟಿ ಮಾತ್ರ ಅಮ್ಮಾ ಅಂತ ಆಡಿತು. ಅವರು ನೋಡುತ್ತಿದ್ದದ್ದು ಆಲ್‌ಡ್ರಿಚ್‌ಳನ್ನಲ್ಲ, ಕ್ರಚ್‌ಫೀಲ್ಡ್‌ನನ್ನಲ್ಲ.

ವರ್ನೆಟ್ಟಾ ಎದ್ದಳು. ಲೋಟಕ್ಕೆ ನೀರು ಬಗ್ಗಿಸಿದಳು.

"ವರ್ನೆಟ್ಟಾ," ಅಂದ ಕ್ರಚ್‌ಫೀಲ್ಡ್.

"ಬಾಯಾರಿದೆ ಅವ್ರಿಗೆ."

"ನಿನ್ನೆ ಏನ್ ಮಾತಾಡಿದ್ವಿ ನೆನಪಿದೆಯಾ?"

"ಎಲ್ಲಾ ನೆನಪಿದೆ ಸಾಹೇಬ್ರೇ. ನೀವು ಕೂತ್ಕೊಳ್ಳಿ."

ಗದ್ದ ಹಿಡಿದು ಕುಡಿಸಿದಳು. ಕರು ಮೊಲೆಗೆ ಬಿದ್ದಂತೆ ಮುದುಕ ಲೋಟಕ್ಕೆ ಬಿದ್ದ. ಅರ್ಧ ಗಂಟಲಿಗೆ ಹೋಯಿತು, ಅರ್ಧ ಟೈ ಮೇಲೆ ಇಳಿಯಿತು. ಇನ್ನೊಂದು ಲೋಟ ಕೊಟ್ಟಳು. ಅದನ್ನೂ ಬರಿದು ಮಾಡಿ ಅವರು ಉದ್ದಕ್ಕೆ ಉಸಿರುಬಿಟ್ಟರು. ಬೆಳಗಿನಿಂದ ಬಿಗಿದುಕೊಂಡಿದ್ದ ಮೈ ಸಡಿಲವಾಯಿತು. ಮೈ ಸಡಿಲವಾದ ಮೇಲೆ ಒಳಗೆ ತಡೆದಿದ್ದದ್ದೂ ಬಿಟ್ಟುಕೊಂಡಿತು. ಪ್ಯಾಂಟು ಕಪ್ಪಾಯಿತು. ಕುರ್ಚಿಯ ಚರ್ಮದ ಮೇಲಿಂದ ನೆಲಕ್ಕೆ ತೊಟ್ಟಿಕ್ಕಿ, ಹರಿದು, ಮಿಸೆಸ್ ಆಲ್‌ಡ್ರಿಚ್‌ಳ ಚೀಲದ ಹತ್ತಿರ ಹೋಯಿತು. ಅವಳು ಚೀಲ ಎತ್ತಿಕೊಂಡಳು.

ವರ್ನೆಟ್ಟಾ ಕೋಟಿನ ಗುಂಡಿ ಬಿಚ್ಚಿದಳು. ಸೊಂಟಕ್ಕೆ ಬಿಗಿದ ದಾರ ಎಲ್ಲರಿಗೂ ಕಾಣಿಸಿತು.

"ಇವ್ರು ಇಲ್ಲಿಯ ಆಡಳಿತಾಧಿಕಾರಿ," ಅಂದಳು. "ಇಲ್ಲಿಯ ರೋಗಿನೂ ಇವ್ರೇ. ನಿಮ್ಮ ಎರಡು ಪ್ರಶ್ನೆ ಬಾಕಿ ಇದೆಯಲ್ಲ, ಕೇಳಿ. ಇವತ್ತು ಯಾವ ವಾರ ಅಂತಾನೂ ಒಂದ್ಮಾತು ಕೇಳಿ."

ಆಲ್‌ಡ್ರಿಚ್ ಹಲಗೆಯನ್ನು ಎದೆಗೆ ಒತ್ತಿಕೊಂಡಳು. "ಅದು ನನ್ನ ಪಟ್ಟಿಯಲ್ಲಿಲ್ಲ," ಅಂದಳು, ಮೆಲ್ಲಗೆ.

"ಸರಿ ಹಾಗಾದ್ರೆ. ಕ್ರಚ್‌ಫೀಲ್ಡ್ ಸಾಹೇಬ್ರೇ, ಬನ್ನಿ, ಈ ಕಾಲು ಸ್ವಲ್ಪ ಎತ್ತಿ ಹಿಡೀರಿ. ಪ್ಯಾಂಟು ತೆಗೀಬೇಕು. ಇದಕ್ಕೆ ಲೈಸೆನ್ಸ್ ಏನೂ ಬೇಡ."

ಕ್ರಚ್‌ಫೀಲ್ಡ್ ತನ್ನ ಬೂಟು ನೋಡಿಕೊಂಡ. ಮುಂದೆ ಬರಲಿಲ್ಲ. ವರ್ನೆಟ್ಟಾ ಬಾಗಿಲಾಚೆ ಜೋರೆಥಾಳನ್ನು ಕೂಗಿದಳು. ಇಬ್ಬರೂ ಸೇರಿ ಅವರನ್ನು ಎತ್ತಿ, ಕೋಣೆಗೆ ಒಯ್ದು, ತೊಳೆದು, ಮೆತ್ತನೆಯ ಟವಲಿನಲ್ಲಿ ಒರೆಸಿ, ಒಣ ಬಟ್ಟೆ ಹಾಕಿ ಮಲಗಿಸಿದರು. ಹೊರಗೆ ಬಂದಾಗ ಗುಮಾಸ್ತೆ ಅವಳ ಕೈಯಿಂದ ಬೀಗದ ಕೈ ಇಸಿದುಕೊಂಡಳು. ಅಲ್ಲಿಗೆ ನೌಕರಿ ಮುಗಿಯಿತು.

ಆಮೇಲೆ ನ್ಯಾಯ ನಡೆಯಿತು. ನಡೆಯದೆ ಇರುತ್ತದೆಯೇ. ಕ್ರಚ್‌ಫೀಲ್ಡ್ ದಂಡ ಕಟ್ಟಿದ, ಅವನಿಗೆ ಕಳೆದುಕೊಳ್ಳಲು ಲೈಸೆನ್ಸ್ ಇರಲಿಲ್ಲ. ಅವನ ತಂಗಿಯ ಮಗ ಹೊಸ ಆಡಳಿತಾಧಿಕಾರಿಯಾಗಿ ಬಂದ. ಕರ್ತವ್ಯಲೋಪಕ್ಕಾಗಿ ವೆಂಡೆಲ್ ಪಿಕಾರ್ಡ್ ಅವರ ಲೈಸೆನ್ಸ್ ರದ್ದಾಯಿತು. ಅದನ್ನು ಅವರಿಗೆ ಓದಿ ಹೇಳಿದಾಗ ಅವರು ಚಪ್ಪಾಳೆ ತಟ್ಟಿದರಂತೆ. ಉಳಿದದ್ದು ವರ್ನೆಟ್ಟಾಳ ಅರ್ಜಿ. ಅವಳ ನಡತೆಯ ಬಗ್ಗೆ ಬೋರ್ಡಿಗೆ ಅನುಮಾನ ಬಂದಿತ್ತು. ನಿವಾಸಿಯೊಬ್ಬರನ್ನು ಪರರ ಎದುರು ಬೇಕೆಂದೇ ಒದ್ದೆ ಮಾಡಿಸಿ ಅವರ ಮರ್ಯಾದೆ ಕಳೆದಳು ಅನ್ನುವುದು ಆರೋಪ. ಮರ್ಯಾದೆಯ ಮಾತು ಆಡಿದವರು ಆ ದಾರದ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ.

ವಿಚಾರಣೆಯ ಹೊತ್ತಿಗೆ ಅವಳು ಕೋಳಿ ಕಾರ್ಖಾನೆಯಲ್ಲಿದ್ದಳು. ತಣ್ಣೀರಿನಲ್ಲಿ ರೆಕ್ಕೆ ಕತ್ತರಿಸಿ ಕತ್ತರಿಸಿ ಬೆರಳು ಬಾತುಹೋಗಿದ್ದವು. ಜೋರೆಥಾ ತನ್ನ ಕಾರಿನಲ್ಲಿ ರಾಜಧಾನಿಗೆ ಕರೆದುಕೊಂಡು ಹೋದಳು. ಬೋರ್ಡಿನ ವಕೀಲ ಹಿಂದಿನ ದಿನವೇ ಫೋನಿನಲ್ಲಿ ದಾರಿ ತೋರಿಸಿದ್ದ. ತಪ್ಪಾಯಿತು, ಇನ್ನು ಮೇಲಿನವರ ಮಾತು ಮೀರುವುದಿಲ್ಲ ಅಂತ ಒಂದು ಮಾತು ಹೇಳಲಿ. ಬೇರೆ ಆಶ್ರಮದಲ್ಲಿ ತರಬೇತಿ ಶುರು ಮಾಡಲು ಬೋರ್ಡು ಒಪ್ಪುತ್ತದೆ.

"ಹೇಳ್ಬಿಡಕ್ಕಾ," ಅಂದಳು ಜೋರೆಥಾ, ಸ್ಟೇರಿಂಗ್ ಹಿಡಿದು. "ಚರ್ಚಲ್ಲಿ ವಾರವಾರ ದೇವ್ರಿಗೆ ಹೇಳ್ತೀವಿ. ಇವ್ರಿಗೊಂದ್ಸಲ ಹೇಳಕ್ಕೇನು ರೋಗ?"

"ಹೇಳ್ತೀನಿ ಬಿಡು. ನನಗೇನು ಕೋಳಿ ಕೊಯ್ಯೋ ಆಸೆನಾ?"

ಅವಳು ದಾರಿಯಲ್ಲಿ ಅದನ್ನು ನಾಲ್ಕಾರು ಸಲ ಹೇಳಿಕೊಂಡು ಅಭ್ಯಾಸ ಮಾಡಿದಳು. ದನಿ ತಗ್ಗಿಸಿ, ತಲೆ ಬಗ್ಗಿಸಿ. ಚೆನ್ನಾಗಿ ಬಂತು ಅಂತ ಜೋರೆಥಾ ಹೊಗಳಿದಳು.

ಉದ್ದ ಮೇಜಿನ ಹಿಂದೆ ಒಂಬತ್ತು ಜನ. ಹೆಚ್ಚಿನವರು ತಾವೇ ವೃದ್ಧಾಶ್ರಮ ನಡೆಸುವವರು. ಅಧ್ಯಕ್ಷರು ಬೆಳ್ಳಿಕೂದಲಿನ ಮನುಷ್ಯ, ಮೃದುವಾಗಿ ಮಾತಾಡಿದರು.

"ಮಿಸ್ ಗೇನ್ಸ್, ನಿಮ್ಮ ಓದು, ಅನುಭವ ಎಲ್ಲಾ ನೋಡಿದೀವಿ. ನಮಗೆ ಬೇಕಾಗಿರೋದು ಒಂದೇ. ಆ ದಿನ ನಿಮ್ಮಿಂದ ತಪ್ಪಾಯ್ತು ಅಂತ ಒಪ್ಕೋತೀರಾ?"

"ಒಪ್ಕೋತೀನಿ," ಅಂದಳು ವರ್ನೆಟ್ಟಾ.

ಹಿಂದಿನ ಬೆಂಚಿನಲ್ಲಿ ಜೋರೆಥಾ ಉಸಿರುಬಿಟ್ಟಳು. ಅಧ್ಯಕ್ಷರು ಪೆನ್ನು ಕೈಗೆತ್ತಿಕೊಂಡರು. "ಏನು ತಪ್ಪು ಅಂತ ನೀವೇ ಹೇಳ್ಬಿಡಿ, ಬರ್ಕೋತೀವಿ."

ಅಭ್ಯಾಸ ಮಾಡಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ತಲೆ ಬಗ್ಗಿಸಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ಆ ಮುದುಕ ಬೆಳಿಗ್ಗೆ ಹಾಸಿಗೇಲೇ ನೀರು ಕೇಳಿದ್ರು. ನಾನು ಕೊಡ್ಲಿಲ್ಲ. ಗಡ್ಡ ಕೆರೆಯೋವಾಗ ಕೇಳಿದ್ರು, ಕೊಡ್ಲಿಲ್ಲ. ಅಮ್ಮಾ ಅಂತ ಬೇಡ್ಕೊಂಡ್ರು. ಆಗ್ಲೂ ಕೊಡ್ಲಿಲ್ಲ. ಯಾಕೆ ಗೊತ್ತಾ? ನೀವು ಕೊಡೋ ಈ ಲೈಸೆನ್ಸಿನ ಆಸೆಗೆ. ಅದು ನನ್ನ ತಪ್ಪು. ಬರ್ಕೊಳ್ಳಿ."

ಅಧ್ಯಕ್ಷರ ಪೆನ್ನು ಅಲ್ಲಾಡಲಿಲ್ಲ. "ನಾವು ಕೇಳಿದ್ದು ಅದನ್ನಲ್ಲ, ಮಿಸ್ ಗೇನ್ಸ್."

"ಗೊತ್ತು ಸಾಹೇಬ್ರೇ. ನನ್ನ ಹತ್ರ ಇರೋ ತಪ್ಪು ಅದೊಂದೇ. ಬೇರೆ ತಪ್ಪು ಬೇಕಿದ್ರೆ ನಿಮ್ಮ ಹತ್ರ ಇರೋದ್ರಲ್ಲಿ ಯಾವ್ದನ್ನಾದ್ರೂ ಬರ್ಕೊಳ್ಳಿ."

ಅವಳು ಕೈಚೀಲ ಎತ್ತಿಕೊಂಡಳು. ವರ್ನೆಟ್ಟಾ ಗೇನ್ಸ್‌ಗೆ ಒಳ್ಳೆಯ ನಡತೆ ಇಲ್ಲ ಅನ್ನುವವರು ಕೈ ಎತ್ತಿ ಅಂತ ಅಧ್ಯಕ್ಷರು ಹೇಳಿದರು. ಒಂಬತ್ತು ಕೈಗಳು ಎದ್ದವು. ಅವಳು ಅಷ್ಟರಲ್ಲಿ ಬಾಗಿಲು ದಾಟಿ, ಕಾರಿನ ಕಡೆ ಅರ್ಧ ದಾರಿ ನಡೆದಿದ್ದಳು.